ನಮ್ಮ ಓಣಿಯಲ್ಲಿ ಜಿರಳೆಗಳಿಲ್ಲ

ನಮ್ಮ ಮನೆಯಲ್ಲಿ ಜಿರಳೆಗಳಿವೆ. ನೋಡಿ, ಎಷ್ಟು ಸಣ್ಣ ವಾಕ್ಯ! ನಾಲಗೆ ಹೊರಳದಂಥ ಒಂದು ಅಕ್ಷರವೂ ಇದರಲ್ಲಿಲ್ಲ. ಆದರೂ ಇದನ್ನು ನಾಲ್ಕು ಜನರ ಮುಂದೆ ಆಡಲು ನನಗೆ ಅರವತ್ತಮೂರು ವರ್ಷ ಬೇಕಾಯಿತು. ಅದರಲ್ಲಿ ಮೂವತ್ತು ವರ್ಷ ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮಾಸ್ತರನಾಗಿದ್ದೆ. ಬೋರ್ಡಿನ ತುಂಬ ಜಿರಳೆಯ ಚಿತ್ರ ಬರೆದು, ಅದರ ಮೀಸೆಯಿಂದ ಹಿಡಿದು ಜಠರದವರೆಗೆ ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ, ನೂರಾರು ಮಕ್ಕಳ ಕೈಯಲ್ಲಿ ಅದನ್ನು ಕೊಯ್ಯಿಸಿ ಪಾಸು ಮಾಡಿಸಿದವನು. ಜಿರಳೆ ಎಲ್ಲೆಲ್ಲಿ ವಾಸಿಸುತ್ತದೆ ಎಂಬ ಪ್ರಶ್ನೆಗೆ ಬೆಚ್ಚಗಿನ, ಕತ್ತಲೆಯ, ತೇವದ ಜಾಗ ಎಂದು ಬರೆದರೆ ಪೂರ್ತಿ ಅಂಕ ಕೊಡುತ್ತಿದ್ದೆ. 'ಸರ್ ಮನೆಯ ಅಡುಗೆಮನೆ' ಎಂದು ಯಾರಾದರೂ ಬರೆದಿದ್ದರೆ ಅದೂ ಸರಿ ಉತ್ತರವೇ, ಆದರೆ ಸೊನ್ನೆ ಸುತ್ತಿ ಕಳಿಸುತ್ತಿದ್ದೆ.

ಮನೆಯ ಕೀಟಗಳಲ್ಲೂ ಮೇಲು ಕೀಳು ಇದೆ ಎಂಬುದು ನನಗೆ ನಿವೃತ್ತಿಯಾದ ಮೇಲೆ ತಿಳಿದ ವಿಷಯ. ಇರುವೆ ಬಂದರೆ ಅಪಮಾನವಿಲ್ಲ. ಅದರ ಗೂಡಿಗೆ ಚಿಟಿಕೆ ಸಕ್ಕರೆ ಹಾಕಿ ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. ಹಲ್ಲಿ ಗೋಡೆಯ ಮೇಲೆ ಕೂತು ಲೊಚಗುಟ್ಟಿದರೆ ನಾವು ಆಡುತ್ತಿದ್ದ ಮಾತು ಖರೆ ಎಂದು ನೆಲಕ್ಕೆ ಬೆರಳು ಬಡಿಯುತ್ತೇವೆ; ಅದು ಮನೆಯ ಪಂಚಾಂಗ. ಇಲಿ ಗಣಪತಿಯ ವಾಹನ, ಹೀಗಾಗಿ ಬೈದರೂ ಮೆಲ್ಲಗೆ ಬೈಯಬೇಕು. ಜೋಳಕ್ಕೆ ನುಸಿ ಬಿದ್ದರಂತೂ ಅದನ್ನು ಹತ್ತು ಜನರಿಗೆ ಕೇಳುವಂತೆ ಹೇಳುತ್ತೇವೆ. ಏಕೆಂದರೆ ನುಸಿ ಬೀಳಬೇಕಾದರೆ ಮನೆಯಲ್ಲಿ ವರ್ಷದ ಜೋಳ ಇರಬೇಕು, ಜೋಳ ಇರಬೇಕಾದರೆ ಎಲ್ಲೋ ಹೊಲ ಇರಬೇಕು. ನಮ್ಮ ಎದುರು ಮನೆಯ ಅಂದಾನಪ್ಪ ಸಾಹುಕಾರರು ಹತ್ತಿ ವ್ಯಾಪಾರಿಗಳು. ಅವರು 'ಈ ವರ್ಷ ಬೇವಿನ ತಪ್ಪಲಾ ಹಾಕಿದ್ರೂ ಜ್ವಾಳಕ್ಕ ನುಸಿ ಬಿತ್ತು ನೋಡ್ರಿ' ಎಂದು ನಿಟ್ಟುಸಿರು ಬಿಟ್ಟರೆ, ಆ ನಿಟ್ಟುಸಿರಿನಲ್ಲಿ ಎಷ್ಟು ಎಕರೆ ಇದೆ ಎಂದು ನಮಗೆಲ್ಲ ಅರ್ಥವಾಗುತ್ತದೆ.

ಇವೆಲ್ಲದರ ನಡುವೆ ಗತಿಯಿಲ್ಲದ್ದು ಜಿರಳೆ ಒಂದೇ. ಅದಕ್ಕೆ ದೇವರಿಲ್ಲ, ಪಂಚಾಂಗವಿಲ್ಲ, ಹೊಲವಿಲ್ಲ. ಅದು ಕಂಡಿತೆಂದರೆ ಆ ಮನೆಯ ಹೆಣ್ಣುಮಕ್ಕಳು ಹೊಲಸು ಎಂದೇ ತೀರ್ಮಾನ. ಹಾಗೆ ನೋಡಿದರೆ ಪಾಪ, ಅದು ದಿನದ ಹೆಚ್ಚಿನ ಹೊತ್ತು ತನ್ನ ಮೀಸೆ ತಿಕ್ಕಿ ಸ್ವಚ್ಛ ಮಾಡಿಕೊಳ್ಳುವ ಪ್ರಾಣಿ. ಡೈನೋಸಾರುಗಳಿಗಿಂತ ಹಳೆಯ ವಂಶದ್ದು. ತಲೆ ಹೋದರೂ ಕೆಲವು ದಿನ ಬದುಕಬಲ್ಲದು. ಈ ಸಂಗತಿಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಾಯಿ ತೆರೆದು ಕೂತಿರುತ್ತಿದ್ದರು. ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ.

ವಿದ್ಯಾನಗರದ ಒಳಭಾಗದಲ್ಲಿರುವ ನಮ್ಮ ಓಣಿಯಲ್ಲಿ ಐದೇ ಮನೆಗಳು. ಐದೂ ಮನೆಯವರು ಒಂದೇ ವರ್ಷ ಸೈಟು ಕೊಂಡು, ಒಂದೇ ಗೌಂಡಿಯಿಂದ ಕಟ್ಟಿಸಿ, ಐದೂ ಮನೆಯ ಮೋರಿ ನೀರನ್ನು ಒಂದೇ ಗಟಾರಕ್ಕೆ ಕೂಡಿಸಿದ್ದೇವೆ. ನೆಲದ ಮೇಲೆ ನಮ್ಮ ನಡುವೆ ಆಳೆತ್ತರದ ಕಂಪೌಂಡುಗಳಿವೆ, ನೆಲದ ಕೆಳಗೆ ನಾವು ಅವಿಭಕ್ತ ಕುಟುಂಬ. ಏಪ್ರಿಲ್ ಬಂತೆಂದರೆ ಮಾಳಿಗೆಯ ಮೇಲಿನ ಟಾಕಿಯ ನೀರು ಮಧ್ಯಾಹ್ನ ಚಹಾ ಮಾಡುವಷ್ಟು ಕಾಯುತ್ತದೆ. ಗಟಾರ ಒಣಗುತ್ತದೆ. ಆಗ ಕೆಳಗಿನವರು ನೀರು ಹುಡುಕುತ್ತ ಮೇಲೆ ಬರುತ್ತಾರೆ. ಸಿಂಕಿನ ತೂತಿನಿಂದ ಮೊದಲು ಎರಡು ಮೀಸೆ ಬರುತ್ತವೆ, ಒಳಗೆ ಯಾರಾದರೂ ಇದ್ದಾರೋ ಎಂದು ವಿಚಾರಿಸುತ್ತವೆ, ಆಮೇಲೆ ಸಂಸಾರ ಸಮೇತ ಏರುತ್ತವೆ. ಆದರೂ ಇಪ್ಪತ್ತು ವರ್ಷಗಳಲ್ಲಿ ನಮ್ಮ ಓಣಿಯ ಯಾವ ಮನೆಯಲ್ಲೂ ಒಂದೇ ಒಂದು ಜಿರಳೆ ಕಂಡಿರಲಿಲ್ಲ. ಯಾರನ್ನು ಬೇಕಾದರೂ ಕೇಳಬಹುದಿತ್ತು. 'ನಮ್ಮ ಮನ್ಯಾಗ ಆ ತ್ರಾಸ ಇಲ್ಲ ಬಿಡ್ರಿ' ಎಂದು ಐದೂ ಮನೆಯವರು ಒಂದೇ ರಾಗದಲ್ಲಿ ಹೇಳುತ್ತಿದ್ದರು. ನನ್ನ ಹೆಂಡತಿ ಶಾಂತಾ ಸ್ವಲ್ಪ ಏರುದನಿಯಲ್ಲಿಯೇ ಹೇಳುತ್ತಿದ್ದಳು.

ಈ ನಿಷ್ಕಳಂಕ ಓಣಿಗೆ ದಸ್ತಗೀರ ಬರುತ್ತಿದ್ದ. ಅವನು ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ನಪಾಸಾದರೂ ಜಿರಳೆ ಕೊಯ್ಯುವುದರಲ್ಲಿ ತರಗತಿಗೇ ಮೊದಲಿಗ; ಅನ್ನನಾಳವನ್ನು ಒಂದು ಎಳೆ ಹರಿಯದಂತೆ ಬಿಡಿಸಿಟ್ಟದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮುಂದೆ ಅವನು ಅದೇ ಪ್ರಾಣಿಯನ್ನು ನಂಬಿ ಹೊಟ್ಟೆ ಹೊರೆದುಕೊಂಡ. ಮನೆ ಮನೆಗೆ ಹೋಗಿ ಕೀಟಗಳ ಔಷಧಿ ಹೊಡೆಯುತ್ತಾನೆ. ನನ್ನ ಶಿಷ್ಯರಲ್ಲಿ ಕಲಿತದ್ದನ್ನು ಬಳಸುತ್ತಿರುವವನು ಅವನೊಬ್ಬನೇ ಇರಬೇಕು. ಅವನನ್ನು ನಮ್ಮ ಮನೆಗೆ ಕರೆಸುವಾಗ ನಾನು ಮಾಡುತ್ತಿದ್ದ ವ್ಯವಸ್ಥೆ ಕೇಳಿದರೆ ನಿಮಗೆ ನಗು ಬಂದೀತು. ಗಾಡಿ ಹಿಂದಿನ ಓಣಿಯಲ್ಲಿ ನಿಲ್ಲಿಸಬೇಕು. ಔಷಧಿಯ ಡಬ್ಬಿಯನ್ನು ಕಾಯಿಪಲ್ಯೆಯ ಚೀಲದಲ್ಲಿ ಹಾಕಿ, ಮೇಲೆ ಒಂದು ಸಿವುಡು ಮೆಂತೆಸೊಪ್ಪು ಇಟ್ಟುಕೊಂಡು ಬರಬೇಕು. ಬಾಗಿಲಲ್ಲಿ ನಾನು ಗಟ್ಟಿಯಾಗಿ 'ಏನೋ ದಸ್ತಗೀರ, ಮಾಸ್ತರನ ನೆನಪಾತೇನು?' ಎಂದು ಕೂಗಬೇಕು, ಅವನು ಹಲ್ಲು ಕಿರಿಯಬೇಕು. ಔಷಧಿಯ ವಾಸನೆ ಹೊರಗೆ ಹೋದರೆ ಕಪಾಟಿಗೆ ಬಣ್ಣ ಹಚ್ಚಿಸುತ್ತಿದ್ದೇವೆ ಎಂದು ಶಾಂತಾ ಹೇಳಬೇಕು. ಈ ವರ್ಷ ಬೇಸಿಗೆಯಲ್ಲಿ ನಮ್ಮ ಕಪಾಟಿಗೆ ಮೂರು ಸಲ ಬಣ್ಣವಾಯಿತು.

ಮೂರನೆಯ ಸಲ ನಾನು ರೇಗಿದೆ. 'ಏನಪಾ, ನಿನ್ನ ಔಷಧಿ ಬರೇ ನೀರೇನು?' ಎಂದೆ.

'ಔಷಧಿ ಛಲೋನ ಐತ್ರಿ ಸರ' ಎಂದ ದಸ್ತಗೀರ. 'ಆದ್ರ ನಾ ಇಲ್ಲೆ ಹೊಡದ್ರ ಅರ್ಧಾ ಸಾಯ್ತಾವ, ಅರ್ಧಾ ಬಾಜೂ ಮನಿಗೆ ಹೋಗ್ತಾವ. ಬಾಜೂ ಮನ್ಯಾಗ ಹೊಡದ್ರ ಅವು ತಿರುಗಿ ನಿಮ್ಮ ಕಡೆ ಬರ್ತಾವ. ಐದೂ ಮನಿಗೆ ಒಂದ ದಿನಾ ಹೊಡಸ್ರಿ, ಮುಗದ ಹೋಗ್ತೈತಿ.'

'ಬಾಜೂ ಮನ್ಯಾಗ ಜಿರಳಿನ ಇಲ್ಲಲ್ಲೋ' ಎಂದೆ. ಅವನು ಡಬ್ಬಿಯ ಮುಚ್ಚಳ ತಿರುವಿದ. ನಾನು ದನಿ ತಗ್ಗಿಸಿ, 'ಸಾಹುಕಾರ್ರ ಮನಿಗೂ ಹೊಕ್ಕಿಯೇನು?' ಎಂದು ಕೇಳಿದೆ.

'ಹಂಗ ಕೇಳಬಾರದ್ರಿ ಸರ. ಅವರೂ ನಿಮ್ಮ ಬಗ್ಗೆ ಕೇಳಿದ್ರು. ನಾ ಹೇಳ್ಲಿಲ್ಲ.'

ಅಷ್ಟು ಹೇಳಿ ಮೆಂತೆಸೊಪ್ಪನ್ನು ಶಾಂತಾಳ ಕೈಗೆ ಕೊಟ್ಟು ಹೋದ. ನಾವು ಅದರದೇ ಪಲ್ಯ ಮಾಡಿ ಉಂಡೆವು. ಐದು ಮನೆಗಳಲ್ಲೂ ಆ ಬೇಸಿಗೆ ಮೆಂತೆಪಲ್ಯ ಬಹಳವಾಗಿತ್ತೆಂದು ಆಮೇಲೆ ಗೊತ್ತಾಯಿತು.

ಇನ್ನು ಯಲ್ಲವ್ವನ ಮಾತು. ಯಲ್ಲವ್ವ ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಬಂದು ನಮ್ಮ ಐದೂ ಮನೆಗಳಲ್ಲಿ ಸರದಿಯ ಮೇಲೆ ರೊಟ್ಟಿ ಬಡಿದು ಹೋಗುವವಳು. ಐವತ್ತು ದಾಟಿದ ಹೆಂಗಸು, ಕಡಿಮೆ ಮಾತು. ಅವಳ ರೊಟ್ಟಿ ಹಂಚಿನ ಮೇಲೆ ಉಬ್ಬುವುದನ್ನು ನೋಡುವುದೇ ಒಂದು ಸುಖ. ನಿವೃತ್ತಿಯ ನಂತರ ಮುಂಜಾನೆ ಪೇಪರು ಹಿಡಿದು ನಾನು ಅಡುಗೆಮನೆಯ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಳ್ಳುವುದಕ್ಕೆ ಅದೇ ಕಾರಣ. ಹತ್ತು ವರ್ಷಗಳಿಂದ ನಮ್ಮ ಓಣಿಯ ಹೊಟ್ಟೆ ಅವಳ ಕೈಯ ಮೇಲೆ ನಡೆದಿತ್ತು, ಅವಳ ಮನೆ ನಮ್ಮ ಓಣಿಯ ಮೇಲೆ ನಡೆದಿತ್ತು.

ಬಸವ ಜಯಂತಿಯ ದಿನ ನಮ್ಮ ಓಣಿಯಲ್ಲಿ ಎಲ್ಲರೂ ಕೂಡಿ ಊಟ ಮಾಡುವ ಪದ್ಧತಿ. ಸಾಹುಕಾರರ ಅಂಗಳದಲ್ಲಿ ಪೆಂಡಾಲು, ಒಂದು ಭಾಷಣ, ಆಮೇಲೆ ಶೇಂಗಾ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ. ಪ್ರತಿ ಮನೆಯವರೂ ತಮ್ಮ ಪಾಲಿನ ರೊಟ್ಟಿಯನ್ನು ತಮ್ಮ ಒಲೆಯ ಮೇಲೆಯೇ ಯಲ್ಲವ್ವನ ಕೈಯಲ್ಲಿ ಮಾಡಿಸಿ, ಎಲ್ಲವನ್ನೂ ಒಂದೇ ದೊಡ್ಡ ಬುಟ್ಟಿಗೆ ಸುರಿಯುತ್ತಾರೆ. ಐದು ಮನೆಯ ರೊಟ್ಟಿ ಒಂದಾಗಬೇಕು, ಯಾರದು ಯಾವುದೆಂದು ತಿಳಿಯಬಾರದು ಎಂಬುದು ಅದರ ಹಿಂದಿನ ಆಶಯ. ಈ ವರ್ಷ ಆ ಆಶಯ ಪೂರ್ತಿ ಕೈಗೂಡಿತು. ಸಾಹುಕಾರರು ಕಾಯಕದ ಬಗ್ಗೆ, ದುಡಿಯುವ ಕೈಗಳ ಹಿರಿಮೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಬೆವರು ಒರೆಸಿಕೊಂಡು, ಪ್ರಸಾದಕ್ಕೆ ಕೂತರು. ಬುಟ್ಟಿಯ ಬಿಳಿ ಅರಿವೆ ಸರಿಸಿದರೆ ರೊಟ್ಟಿಗಳ ಮೇಲೆ ಒಂದು ದೊಡ್ಡ ಜಿರಳೆ. ಅದು ಹೆದರಿ ಓಡಲಿಲ್ಲ. ಮೀಸೆ ತಿರುವುತ್ತ ನಮ್ಮ ಪಂಕ್ತಿಯನ್ನೊಮ್ಮೆ ನೋಡಿತು.

ಮುಂದೆ ನಡೆದದ್ದನ್ನು ವಿಜ್ಞಾನದ ಮನುಷ್ಯನಾಗಿ ನಾನು ಮೆಚ್ಚಲೇಬೇಕು. ಅಂಥ ಸ್ವಚ್ಛ ತರ್ಕವನ್ನು ನಾನು ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ. ನಮ್ಮ ಓಣಿಯ ಯಾವ ಮನೆಯಲ್ಲೂ ಜಿರಳೆಗಳಿಲ್ಲ. ಇದು ಎಲ್ಲರೂ ಒಪ್ಪಿದ ಮಾತು. ಬುಟ್ಟಿಯಲ್ಲಿ ಜಿರಳೆ ಇದೆ; ಇದು ಎಲ್ಲರೂ ಕಂಡ ಮಾತು. ಹಾಗಾದರೆ ಅದು ಓಣಿಯ ಹೊರಗಿನಿಂದ ಬಂದಿರಬೇಕು. ಹೊರಗಿನಿಂದ ಬಂದವರು ಯಾರು? ಇದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ನಮ್ಮ ಎಡಮನೆಯ ಸುಮಿತ್ರಾಬಾಯಿ, ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯಾಧ್ಯಾಪಕಿ, 'ಆಕಿ ಮನಿ ಹೆಂಗ ಐತೋ ಯಾಂವ ಬಲ್ಲ!' ಎಂದರು. ಅಷ್ಟೇ ಸಾಕಾಯಿತು. ಸಾಹುಕಾರರು ಎಲ್ಲರ ಪರವಾಗಿ, ಬಹಳ ಮೃದುವಾಗಿ, 'ನಾಳಿಂದ ಬರೂದು ಬ್ಯಾಡ ಯಲ್ಲವ್ವ, ಸ್ವಲ್ಪ ದಿನಾ ಹೋಗ್ಲಿ' ಎಂದರು.

ಯಲ್ಲವ್ವ ಐದೂ ಮನೆಯ ಹೆಂಗಸರ ಮುಖವನ್ನು ಒಂದೊಂದಾಗಿ ನೋಡಿದಳು. ಕಡೆಗೆ ಶಾಂತಾಳನ್ನು ನೋಡಿದಳು. ಶಾಂತಾ ನನ್ನನ್ನು ನೋಡಿದಳು. ನಾನು ಎಲೆಯ ಮೇಲಿನ ಹೋಳಿಗೆಯನ್ನು ನೋಡಿದೆ. ಆ ಜಿರಳೆ ನಮ್ಮ ಮನೆಯದೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಅವುಗಳ ಮೇಲೆ ಮನೆ ನಂಬರು ಬರೆದಿರುವುದಿಲ್ಲ. ಆದರೆ ಆ ದಿನ ಮುಂಜಾನೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅಷ್ಟೇ ಗಾತ್ರದ್ದೊಂದನ್ನು ನಾನು ಚಪ್ಪಲಿ ಎತ್ತಿಕೊಂಡು ಅಟ್ಟಿದ್ದೆ, ಅದು ತಪ್ಪಿಸಿಕೊಂಡು ರೊಟ್ಟಿಯ ಕಡೆಗೇ ಹೋಗಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದೆ.

ಮರುದಿನದಿಂದ ಓಣಿಯ ನಡತೆ ಪರಿಶುದ್ಧವಾಯಿತು, ಊಟ ಕೆಟ್ಟಿತು. ಶಾಂತಾಳ ಮಣಿಕಟ್ಟಿಗೆ ಹಿಂದೆ ಪೆಟ್ಟಾಗಿದ್ದರಿಂದ ರೊಟ್ಟಿ ಬಡಿಯುವುದು ಆಗುವುದಿಲ್ಲ. ನಾನು ಸಹಾಯಕ್ಕೆ ಹೋದೆ. ನಾನು ಬಡಿದದ್ದು ಹಂಚಿಗೆ ಅಂಟಿಕೊಂಡು, ಅದನ್ನು ಕೆರೆದು ತೆಗೆಯಲು ಒಂದು ತಾಸು ಬೇಕಾಯಿತು. ಆಮೇಲೆ ದೇಶಪಾಂಡೆ ನಗರದ ಅಂಗಡಿಯಿಂದ ಒಣಗಿದ ಕಟಕ್ ರೊಟ್ಟಿ ತಂದೆ. ಐದು ಮನೆಗಳಿಂದಲೂ ಮಧ್ಯಾಹ್ನ ರೊಟ್ಟಿ ಮುರಿಯುವ ಸದ್ದು ಕೇಳಿಸುತ್ತಿತ್ತು. ಜಿರಳೆಗಳು ಮಾತ್ರ ಎಂದಿನಂತೆ ಸಿಂಕಿನಿಂದ ಏರಿ ಬಂದವು. ಯಲ್ಲವ್ವ ಸುಳ್ಳದಲ್ಲಿದ್ದುಕೊಂಡೇ ಅವನ್ನು ಹೇಗೆ ಕಳಿಸುತ್ತಿದ್ದಳೋ!

ಎಂಟನೆಯ ದಿನ ಬಸ್ ಸ್ಟಾಪಿನಲ್ಲಿ ಅವಳು ಸಿಕ್ಕಳು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಎಲ್ಲಿಗೆ ಎಂದು ಕೇಳಿದರೆ, ಎಲ್ಲೋ ಮನೆ ಕಟ್ಟುತ್ತಿದ್ದಾರಂತೆ, ಇಟ್ಟಂಗಿ ಹೊರುವ ಕೆಲಸ. ಐವತ್ತು ದಾಟಿದವಳು, ಹುಬ್ಬಳ್ಳಿಯ ಮೇ ತಿಂಗಳು, ತಲೆಯ ಮೇಲೆ ಇಟ್ಟಂಗಿ. ಆಗ ನಾನು ಏನು ಮಾಡಬೇಕಿತ್ತೆಂದು ನಿಮಗೆ ಗೊತ್ತಾಗುತ್ತದೆ. ನಾನು ಮಾಡಿದ್ದೇನೆಂದರೆ, ಸಂಶೋಧನೆ ಮಾಡುವವನ ದನಿಯಲ್ಲಿ, 'ನಿಮ್ಮ ಮನ್ಯಾಗ ಜಿರಳಿ ಅದಾವೇನು ಯಲ್ಲವ್ವ?' ಎಂದು ಕೇಳಿದೆ. ಹೌದು ಎಂದು ಅವಳು ಒಂದೇ ಒಂದು ಮಾತು ಹೇಳಿದ್ದರೆ ನನ್ನ ಮನಸ್ಸಿಗೆ ಹಾಯೆನಿಸುತ್ತಿತ್ತು. ಅದನ್ನೇ ಬೇಡಲು ಕೇಳಿದ್ದೆ.

'ಇಲ್ರಿ ಸರ' ಎಂದಳು ಯಲ್ಲವ್ವ. 'ನಿಮ್ಮ ಮನ್ಯಾಗೆಲ್ಲಾ ರಾತ್ರಿ ಉಂಡ ಮುಸುರಿ ಪಾತ್ರೆ ಮುಂಜಾನಿ ತನಕ ಬಚ್ಚಲದಾಗ ಇರ್ತಾವ. ತೊಳ್ಯಾಕ ಯಾರರೆ ಬರ್ತಾರ. ನಮ್ಮ ಮನಿ ಮುಸುರಿ ತೊಳ್ಯಾಕ ಯಾರ ಬರ್ತಾರ್ರಿ? ನಾನ ತೊಳೀಬೇಕು. ಅದಕ್ಕ ಉಂಡ ಕೂಡ್ಲೆ ತೊಳದ ಬೋರಲ ಹಾಕಿ ಮಕ್ಕೊಂತೀನಿ. ಅವು ಏನ ತಿನ್ನಾಕ ಬರಬೇಕ್ರಿ?'

ಮೂವತ್ತು ವರ್ಷ ನಾನು ಕಲಿಸಿದ ಪಾಠವನ್ನು ಅವಳು ನಾಲ್ಕು ಮಾತಿನಲ್ಲಿ ಮುಗಿಸಿದಳು. ಬಸ್ಸು ಬಂತು. ಏರುವ ಮುಂಚೆ ತಿರುಗಿ, 'ಐದೂ ಮನಿ ಅಡಗಿಮನಿ ನನಗ ಗೊತ್ತದಾವ್ರಿ ಸರ. ಯಾರ ಡಬ್ಬಿ ಹಿಂದ ಏನ ಐತಿ, ಯಾರ ಕಪಾಟಿನ್ಯಾಗ ಏನ ಓಡ್ಯಾಡತೈತಿ, ಎಲ್ಲಾ ನೋಡೇನಿ. ಒಂದ ಮನಿ ಮಾತ ಇನ್ನೊಂದ ಮನ್ಯಾಗ ಆಡೂದು ನನ್ನ ಕಡಿಂದ ಆಗೂದಿಲ್ರಿ' ಎಂದಳು. ನನಗೆ ವಿಪರೀತ ನಾಚಿಕೆಯಾಯಿತು. ನಮ್ಮೆಲ್ಲರ ಮಾನ ಅವಳ ಬಾಯಲ್ಲಿತ್ತು, ಅವಳು ಬಾಯಿ ಮುಚ್ಚಿಕೊಂಡು ಇಟ್ಟಂಗಿ ಹೊರಲು ಹೊರಟಿದ್ದಳು. ಅಷ್ಟಾದ ಮೇಲಾದರೂ ನಾನು ನೆಟ್ಟಗೆ ಓಣಿಗೆ ಬಂದು ಬಾಗಿಲು ಬಡಿದೆನೇ? ಇಲ್ಲ. ಇನ್ನೂ ಮೂರು ದಿನ ಯೋಚಿಸಿದೆ. ಕಲಿತವರಿಗೆ ಯೋಚಿಸಲು ಸಮಯ ಬೇಕಾಗುತ್ತದೆ.

ಭಾನುವಾರ ಸಂಜೆ ಜಯಂತಿಯ ಪಾತ್ರೆಪಡಗ ಹಂಚಿಕೊಳ್ಳಲು ಎಲ್ಲರೂ ಸಾಹುಕಾರರ ಅಂಗಳದಲ್ಲಿ ಸೇರಿದ್ದರು. ಮಜ್ಜಿಗೆ ಬಂತು. ನಾನು ಲೋಟ ಕೆಳಗಿಟ್ಟು, ಪಾಠ ಒಪ್ಪಿಸುವ ಹುಡುಗನ ಹಾಗೆ ಎದ್ದು ನಿಂತು, 'ಅವತ್ತಿನ ಆ ಜಿರಳಿ ನಮ್ಮ ಮನಿದು' ಎಂದೆ. ಶಾಂತಾ ನೆಲ ನೋಡಿದಳು. ನನ್ನ ಧೈರ್ಯಕ್ಕೆ ಎಲ್ಲರ ಕಣ್ಣಲ್ಲಿ ನೀರು ಬಂದೀತೆಂದು ನಾನು ಒಂದು ಕ್ಷಣ ಕಾದೆ.

'ಅದಕ್ಕನ!' ಎಂದರು ಸುಮಿತ್ರಾಬಾಯಿ. 'ನಿಮ್ಮ ಕಡಿ ಗ್ವಾಡಿಯಿಂದನ ಬರ್ತಿದ್ದವು. ನನ್ನ ಮಸಾಲಿ ಡಬ್ಬಿನೆಲ್ಲಾ ಹೊಲಸ ಮಾಡಿ ಇಟ್ಟಾವ.'

'ನಮ್ಮ ದೇವರ ಮನ್ಯಾಗ ಸೈತ ಬಂದಾವ್ರಿ ಸರ' ಎಂದರು ಸಾಹುಕಾರರು, ಹಣೆಯ ವಿಭೂತಿಯವರೆಗೆ ಸಿಟ್ಟೇರಿಸಿಕೊಂಡು. 'ನಾಕ ಸಲ ಔಷಧಿ ಹೊಡಿಸೇನಿ!'

ಹತ್ತು ನಿಮಿಷದಲ್ಲಿ ಐದೂ ಮನೆಯ ಜಿರಳೆಗಳು ಬೆಳಕಿಗೆ ಬಂದವು. ಒಬ್ಬರಿಗಿಂತ ಒಬ್ಬರದು ಹೆಚ್ಚು, ಎಲ್ಲರವೂ ನನ್ನವು. ರಸ್ತೆಯಾಚೆಯ ಐದನೆಯ ಮನೆಯವರು ಕೂಡ, ನಮ್ಮ ಜಿರಳೆಗಳು ಡಾಂಬರು ರಸ್ತೆ ದಾಟಿ ಬರುವುದನ್ನು ತಾವೇ ಕಣ್ಣಾರೆ ಕಂಡದ್ದಾಗಿ ಹೇಳಿದರು. ತಪ್ಪು ಒಪ್ಪಿಕೊಳ್ಳಲು ಇಪ್ಪತ್ತು ವರ್ಷ ಯಾರಿಗೂ ಆಗದಿದ್ದದ್ದು, ಅದು ಬೇರೆಯವನ ತಪ್ಪು ಎಂದು ಗೊತ್ತಾದ ಕೂಡಲೇ ಎಷ್ಟು ಸಲೀಸಾಯಿತು! ಯಲ್ಲವ್ವನ ಹೆಸರನ್ನು ನಾನೇ ಎತ್ತಬೇಕಾಯಿತು. ಅವಳಿಗೆ ಹೇಳಿ ಕರೆತರುವವರು ಯಾರು ಎಂದಾಗ ಎಲ್ಲರೂ ಮಜ್ಜಿಗೆಯ ಲೋಟದಲ್ಲಿ ಮುಖ ಇಟ್ಟರು. 'ನೀವ ಹೋಗ್ರಿ ಸರ, ಜಿರಳಿ ನಿಮ್ಮದು' ಎಂದರು ಸಾಹುಕಾರರು. ಎರಡು ದಿನದ ನಂತರ ದಸ್ತಗೀರ ಹಾಡುಹಗಲೇ ಓಣಿಯ ನಟ್ಟನಡುವೆ ಗಾಡಿ ನಿಲ್ಲಿಸಿ ಐದೂ ಮನೆಗೆ ಔಷಧಿ ಹೊಡೆದ. ಮೆಂತೆಸೊಪ್ಪು ತಂದಿರಲಿಲ್ಲ.

ನಾನು, ಶಾಂತಾ ಆ ಭಾನುವಾರದ ಮರುದಿನ ಮುಂಜಾನೆಯೇ ಸುಳ್ಳಕ್ಕೆ ಹೋಗಿದ್ದೆವು. ಯಲ್ಲವ್ವನ ಮನೆ ಒಂದೇ ಖೋಲಿ. ಒಲೆಯ ಪಕ್ಕ ತೊಳೆದ ಪಾತ್ರೆಗಳು ಬೋರಲು ಬಿದ್ದಿದ್ದವು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಕೈ ಮುಗಿದೆ. ಅವಳು ಕೇಳಿಸಿಕೊಂಡು, ನಮಗೆ ನೀರು ಕೊಟ್ಟು, 'ಖರೆ ಹೇಳಿದ್ರಿ, ಛಲೋ ಆತ್ರಿ ಸರ. ಹನ್ನೊಂದ ದಿನಾ ಯಾಕ ಬೇಕಾತ್ರಿ?' ಎಂದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ಶಾಂತಾ ಅವಳ ಕೈ ಹಿಡಿದುಕೊಂಡಳು.

ಯಲ್ಲವ್ವ ಬರುತ್ತಿದ್ದಾಳೆ. ರೊಟ್ಟಿ ಮೊದಲಿನಂತೆಯೇ ಉಬ್ಬುತ್ತದೆ. ಒಂದೇ ವ್ಯತ್ಯಾಸ: ಈಗ ದಿನಾಲೂ ಬಾಗಿಲಿಗೆ ಬಂದ ಕೂಡಲೇ ಹೊಸಿಲಿನ ಹೊರಗೆ ನಿಂತು, ತನ್ನ ಚೀಲವನ್ನು ತಲೆಕೆಳಗು ಮಾಡಿ ಝಾಡಿಸುತ್ತಾಳೆ. ಎಲೆ ಅಡಿಕೆಯ ಸಣ್ಣ ಗಂಟು, ಬಸ್ಸಿನ ಟಿಕೀಟು, ಒಂದು ಬಾಚಣಿಗೆ ಕೆಳಗೆ ಬೀಳುತ್ತವೆ. ಆಮೇಲೆ ಸೆರಗನ್ನೂ ಕೊಡವುತ್ತಾಳೆ. 'ಬ್ಯಾಡ ಯಲ್ಲವ್ವ, ಸಾಕ ಬಿಡು' ಎಂದು ಶಾಂತಾ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಐದೂ ಮನೆಯ ಬಾಗಿಲಲ್ಲೂ ಹೀಗೆಯೇ ಮಾಡುತ್ತಾಳಂತೆ.

'ನೋಡ್ರಿ ಸರ, ಏನೂ ಇಲ್ಲ' ಎನ್ನುತ್ತಾಳೆ.

ನಾನು ಪೇಪರು ಕೆಳಗಿಟ್ಟು ನೋಡುತ್ತೇನೆ. ನೋಡಿದೆ ಎಂದು ಹೇಳುವವರೆಗೆ ಅವಳು ಒಳಗೆ ಬರುವುದಿಲ್ಲ.